ಮರದ ಆರೈಕೆ, ಕಡಿಯುವ ಅನುಮತಿ, ಮರದಲ್ಲಿ ಬಾಳುವ ಜೀವಿಗಳು: ಕರ್ನಾಟಕದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮರಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗರಗಸ ಆಡಿದ ಮೇಲೆ ಬರುತ್ತವೆ. ಕೊಂಬೆ ನೆಲಕ್ಕೆ ಬಿದ್ದ ನಂತರ ಅನುಮತಿ ಬೇಕಿತ್ತೇ ಎಂದು ವಿಚಾರಿಸುತ್ತಾರೆ, ಗೂಡು ಚೆದುರಿದ ನಂತರ ಮರಿಗಳನ್ನು ಏನು ಮಾಡುವುದೆಂದು ಕೇಳುತ್ತಾರೆ. ಕೆಳಗಿನ ಉತ್ತರಗಳನ್ನು ಕಡಿಯುವ ಮುನ್ನವೇ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ನನ್ನ ನಿವೇಶನದಲ್ಲಿ ನಾನೇ ನೆಟ್ಟು ಬೆಳೆಸಿದ ಮರವನ್ನು ಕಡಿಯಲೂ ಅನುಮತಿ ಬೇಕೇ?

ಬಹುಪಾಲು ಮರಗಳಿಗೆ ಬೇಕು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ, ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಸ್ವಂತ ಜಾಗದ ಮರವನ್ನೂ ಕಡಿಯುವಂತಿಲ್ಲ, ಬೇರೆಯವರಿಂದ ಕಡಿಸುವಂತೆಯೂ ಇಲ್ಲ. ವೃಕ್ಷ ಅಧಿಕಾರಿ ಎಂಬುದು ಈ ಕಾಯ್ದೆಯ ಕೆಲಸಕ್ಕೆಂದು ಸರ್ಕಾರ ನೇಮಿಸಿದ ಅರಣ್ಯಾಧಿಕಾರಿಗಿರುವ ಹೆಸರು. ನಿಮ್ಮ ಊರಿಗೆ ಆ ಹೊಣೆ ಯಾರದೆಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಈ ಕೆಲಸವನ್ನು ಪಾಲಿಕೆಯ ಅರಣ್ಯ ವಿಭಾಗ ನೋಡಿಕೊಳ್ಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಕೆಲಸ ಮಾಡುತ್ತಿರುತ್ತದೆ. ಮನೆಯ ನಕ್ಷೆಗೆ ಮಂಜೂರಾತಿ ಸಿಕ್ಕಿದೆ, ಆದ್ದರಿಂದ ನಕ್ಷೆಗೆ ಅಡ್ಡ ಬರುವ ಮರವನ್ನು ತೆಗೆಯಲೂ ಮಂಜೂರಾತಿ ಸಿಕ್ಕಂತೆಯೇ ಎಂದು ಮನೆ ಕಟ್ಟುವವರು ಭಾವಿಸುತ್ತಾರೆ. ಇವೆರಡೂ ಬೇರೆ ಬೇರೆ ಕಾಯ್ದೆಗಳಡಿ ಸಿಗುವ, ಬೇರೆ ಬೇರೆ ಕಚೇರಿಗಳು ಕೊಡುವ ಅನುಮತಿಗಳು. ನಕ್ಷೆ ಬರೆಸುವ ಹಂತದಲ್ಲಿಯೇ ಮರದ ಜಾಗವನ್ನು ಗುರುತಿಸಿಕೊಟ್ಟರೆ, ಎಷ್ಟೋ ಸಲ ಗೋಡೆಯನ್ನು ಮೂರಡಿ ಸರಿಸುವುದರಲ್ಲಿಯೇ ಸಮಸ್ಯೆ ಬಗೆಹರಿಯುತ್ತದೆ.

ಯಾವ ಮರಗಳಿಗೆ ಅನುಮತಿ ಬೇಡ?

ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ರಬ್ಬರ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಈ ಪಟ್ಟಿಗೆ ಕಾಲಕಾಲಕ್ಕೆ ತಿದ್ದುಪಡಿ ಆಗಿರುವುದರಿಂದ ಹಳೆಯ ಪ್ರತಿ ನೋಡಿ ತೀರ್ಮಾನಿಸಬಾರದು. ಕಡಿಯಲು ವಿನಾಯಿತಿ ಇದ್ದರೂ ಆ ಮರದಲ್ಲಿರುವ ಹಕ್ಕಿಗಳಿಗೆ, ಪ್ರಾಣಿಗಳಿಗೆ ಇರುವ ರಕ್ಷಣೆ ಹಾಗೆಯೇ ಉಳಿಯುತ್ತದೆ.

ಪೂರ್ತಿ ಕಡಿಯುವುದಿಲ್ಲ, ಕೊಂಬೆಗಳನ್ನಷ್ಟೇ ತೆಗೆಸುತ್ತೇನೆ. ಅದಕ್ಕೂ ಕಾಯ್ದೆ ಅನ್ವಯಿಸುತ್ತದೆಯೇ?

ಕಾಯ್ದೆಯು "ಮರ ಕಡಿಯುವುದು" ಎಂಬ ಮಾತಿಗೆ ಕೊಟ್ಟಿರುವ ಅರ್ಥ ಆಡುಮಾತಿನ ಅರ್ಥಕ್ಕಿಂತ ವಿಶಾಲವಾಗಿದೆ. ಬುಡ ಕತ್ತರಿಸುವುದರ ಜೊತೆಗೆ ಮರಕ್ಕೆ ಬೆಂಕಿ ಹಾಕುವುದು, ಸುತ್ತಲೂ ತೊಗಟೆ ಸುಲಿಯುವುದು, ತಲೆ ಕತ್ತರಿಸುವುದು, ವಿಷ ಹಾಕುವುದು, ಬೇರೆ ಯಾವುದೇ ರೀತಿಯಲ್ಲಿ ಹಾನಿ ಮಾಡುವುದು ಎಲ್ಲವೂ ಅದರೊಳಗೆ ಬರುತ್ತವೆ. ಕಿಟಕಿಗೆ ತಾಗುವ ಒಂದು ಸಣ್ಣ ರೆಂಬೆಯನ್ನು ಸವರುವುದಕ್ಕೂ ಮರವನ್ನು ಬೋಳಿಸಿ ಕಂಬದಂತೆ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ ನಿಜ. ಆದರೆ ತೋಳಿನಷ್ಟು ದಪ್ಪದ ಕೊಂಬೆಗಳನ್ನು ತೆಗೆಯಬೇಕಾದಾಗ, ಅಥವಾ ಮರ ರಸ್ತೆಬದಿಯದ್ದಾಗಿದ್ದಾಗ, ಒಂದು ಅರ್ಜಿ ಕೊಟ್ಟು ಮುಂದುವರಿಯುವುದೇ ಸರಿ. ರಸ್ತೆಬದಿಯ ಮರ ನಿಮ್ಮ ಮನೆಯ ಮುಂದೆಯೇ ಇದ್ದರೂ ಅದು ಸಾರ್ವಜನಿಕ ಸ್ವತ್ತು; ಅದಕ್ಕೆ ನೀವಾಗಿ ಕೂಲಿಯವರನ್ನು ಹತ್ತಿಸುವಂತಿಲ್ಲ.

ಅನುಮತಿ ಕೇಳಿದರೆ ಕೊಡುವುದೇ ಇಲ್ಲ ಎನ್ನುತ್ತಾರಲ್ಲ?

ಕಾಯ್ದೆ ಹಾಗೆ ಹೇಳುವುದಿಲ್ಲ. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಬೆಂಕಿ ಅಥವಾ ಸಿಡಿಲಿಗೆ ಬಹುಮಟ್ಟಿಗೆ ನಾಶವಾಗಿದ್ದರೆ, ಜನರ ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸಬಾರದೆಂದು ಕಾಯ್ದೆಯಲ್ಲೇ ಇದೆ. ಗ್ರಾಮೀಣ ಪ್ರದೇಶದವರು ಸೌದೆ, ಮೇವು, ವ್ಯವಸಾಯದ ಉಪಕರಣಗಳಂಥ ಸ್ವಂತ ಬಳಕೆಗೆ ಕೇಳಿದಾಗಲೂ ಹೀಗೆಯೇ. ಅರ್ಜಿಯಲ್ಲಿ "ಮರ ತೊಂದರೆ ಕೊಡುತ್ತಿದೆ" ಎಂದಷ್ಟೇ ಬರೆದರೆ ಅಧಿಕಾರಿ ತೀರ್ಮಾನಿಸುವುದಾದರೂ ಯಾವುದರ ಮೇಲೆ? ಮರದ ಜಾತಿ, ಸುತ್ತಳತೆ, ಇರುವ ಜಾಗ, ತೊಂದರೆ ಯಾವ ಕೊಂಬೆಯಿಂದ ಎಂಬುದನ್ನು ಬರೆದು, ನಾಲ್ಕು ದಿಕ್ಕಿನಿಂದ ತೆಗೆದ ಫೋಟೋಗಳನ್ನು ಜೋಡಿಸಿದ ಅರ್ಜಿಗೆ ಸ್ಪಷ್ಟ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಉತ್ತರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಕಾಯ್ದೆಯಲ್ಲಿ ಅವಕಾಶವಿದೆ.

ರಸ್ತೆ ಅಗಲೀಕರಣದಂಥ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವವಿದ್ದಾಗ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಆಕ್ಷೇಪಣೆ ಸಲ್ಲಿಸುವವರು "ಮರ ಉಳಿಸಿ" ಎಂಬ ಒಂದು ಸಾಲಿನ ಪತ್ರಗಳನ್ನು ನೂರು ಕಳಿಸುವ ಬದಲು, ಇಂತಿಂಥ ಸಂಖ್ಯೆಯ ಮರ ರಸ್ತೆಯ ಅಂಚಿನಿಂದ ಇಷ್ಟು ದೂರದಲ್ಲಿದೆ, ಅದನ್ನು ತೆಗೆಯದೆಯೂ ಕೆಲಸ ಆಗುತ್ತದೆ ಎಂದು ಸ್ಥಳಕ್ಕೆ ಹೋಗಿ ಅಳೆದು ಬರೆದ ಒಂದು ಪತ್ರ ಕಳಿಸಿದರೆ ಅದಕ್ಕೆ ತೂಕ ಹೆಚ್ಚು.

ಕೊಂಬೆಯನ್ನು ಎಲ್ಲಿ ಕತ್ತರಿಸಬೇಕು? ಕಾಂಡಕ್ಕೆ ಸಮನಾಗಿಯೋ, ಸ್ವಲ್ಪ ಉಳಿಸಿಯೋ?

ಎರಡೂ ತಪ್ಪು. ಯಾವುದಾದರೂ ಮಾವಿನ ಮರದ ಹತ್ತಿರ ಹೋಗಿ, ಕೊಂಬೆ ಕಾಂಡದಿಂದ ಹೊರಡುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ಬಳೆ ತೊಟ್ಟಂತೆ ಸ್ವಲ್ಪ ಉಬ್ಬಿದ, ತೊಗಟೆ ಸುಕ್ಕುಗಟ್ಟಿದ ಒಂದು ಭಾಗ ಸಿಗುತ್ತದೆ. ಅದನ್ನು ಕೊಂಬೆಯ ಕೊರಳು ಎನ್ನೋಣ. ಗಾಯವನ್ನು ಮುಚ್ಚಿಕೊಳ್ಳುವ ಹೊಸ ಅಂಗಾಂಶ ಹುಟ್ಟುವುದು ಅಲ್ಲಿಂದಲೇ. ಗರಗಸ ಆ ಉಬ್ಬಿನ ಹೊರ ಅಂಚಿನಲ್ಲಿ ಹಾಯಬೇಕು. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮನಾಗಿ ಸವರಿದರೆ ಗಾಯ ದೊಡ್ಡದಾಗಿ ಕಾಂಡದೊಳಕ್ಕೇ ಕೊಳೆ ಇಳಿಯುತ್ತದೆ. ಒಂದಡಿ ಮೋಟು ಉಳಿಸಿದರೆ ಆ ಮೋಟು ಒಣಗಿ, ಅದರ ಮೂಲಕ ಮರವನ್ನು ಕೊಳೆಸುವ ಅಣಬೆ (ಶಿಲೀಂಧ್ರ) ಒಳಗೆ ಸೇರುತ್ತದೆ.

ಮರಕ್ಕೆ ಆದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಅಸಂಖ್ಯ ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು: ಕೆಟ್ಟ ಭಾಗವನ್ನು ಮರ ಸರಿಪಡಿಸುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಪ್ರತ್ಯೇಕಿಸಿ, ಹೊರಗಿನಿಂದ ಹೊಸ ಪದರ ಬೆಳೆಸಿಕೊಳ್ಳುತ್ತದೆ. ಇಪ್ಪತ್ತು ವರ್ಷದ ಹಿಂದೆ ಮಾಡಿದ ತಪ್ಪು ಕಡಿತ ಇವತ್ತಿಗೂ ಒಳಗೆ ಹಾಗೆಯೇ ಇರುತ್ತದೆ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ, ಅರ್ಧಕ್ಕೆ ಬಂದಾಗ ಕೊಂಬೆ ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಇದನ್ನು ತಪ್ಪಿಸಲು ಮೂರು ಕಡಿತ ಬೇಕು. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡು ಮೂರು ಅಂಗುಲ ಆಚೆ, ಮೇಲಿನಿಂದ ಕೆಳಕ್ಕೆ. ಕೊಂಬೆ ಸುಲಿಯದೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಮೂರನೆಯ ಕಡಿತದಲ್ಲಿ ಕೊರಳಿನ ಅಂಚಿಗೆ ತೆಗೆಯಬೇಕು. ಮಚ್ಚಿನಿಂದ ಕೊಚ್ಚುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಗರಗಸ ಇಟ್ಟುಕೊಂಡಿರುವವರನ್ನೇ ಕರೆಯಿರಿ.

ಕಡಿದ ಜಾಗಕ್ಕೆ ಡಾಂಬರು ಅಥವಾ ಬಣ್ಣ ಬಳಿಯಬೇಕೇ? ಪೊಟರೆಗೆ ಸಿಮೆಂಟು ತುಂಬಬಹುದೇ?

ಎರಡೂ ಬೇಡ. ಬಳಿದ ಪದರ ಒಳಗೆ ತೇವವನ್ನು ಹಿಡಿದಿಟ್ಟು ಕೊಳೆಯುವುದಕ್ಕೇ ಅನುಕೂಲ ಮಾಡಿಕೊಡುತ್ತದೆ. ಸಿಮೆಂಟು ಗಟ್ಟಿ, ಮರ ಗಾಳಿಗೆ ಬಾಗುವಂಥದ್ದು. ಎರಡರ ನಡುವೆ ಬಿರುಕು ಬಿಟ್ಟು ನೀರು ನಿಲ್ಲುತ್ತದೆ, ಮುಂದೆ ಯಾವತ್ತೋ ಗರಗಸ ಹಿಡಿದವನ ಕೈಗೂ ಅಪಾಯ. ಪೊಟರೆ ಇರುವ ಮರವೆಲ್ಲ ಬೀಳುವ ಮರವಲ್ಲ. ಮರಕ್ಕೆ ಬಲ ಕೊಡುವುದು ಹೊರಗಿನ ಸುತ್ತು. ಅದು ಸಾಕಷ್ಟು ದಪ್ಪವಾಗಿ, ಗಟ್ಟಿಯಾಗಿ ಉಳಿದಿದ್ದರೆ ಒಳಗೆ ಟೊಳ್ಳಿದ್ದೂ ಮರ ದಶಕಗಳ ಕಾಲ ನಿಂತಿರಬಹುದು.

ಮುಂಗಾರು ಪೂರ್ವದ ಗಾಳಿಮಳೆಗೆ ಮರ ಬೀಳಬಾರದೆಂದು ತಲೆ ಕತ್ತರಿಸಿಬಿಟ್ಟರೆ ಒಳ್ಳೆಯದಲ್ಲವೇ?

ಒಂದೆರಡು ವರ್ಷ ಹಾಗೆ ಕಾಣುತ್ತದೆ. ತಲೆ ಕಳೆದುಕೊಂಡ ಮರ ಕಡಿದ ಜಾಗದ ಅಂಚಿನಿಂದ ಹತ್ತಾರು ಚಿಗುರುಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಇವು ಕಾಂಡದ ಒಳಗಿನಿಂದ ಬೆಳೆದ ಕೊಂಬೆಗಳಲ್ಲ, ಹೊರಪದರಕ್ಕೆ ಅಂಟಿಕೊಂಡವು. ಐದಾರು ವರ್ಷದಲ್ಲಿ ಅವು ಭಾರವಾಗುವ ಹೊತ್ತಿಗೆ ಕೆಳಗಿನ ಕಡಿತ ಕೊಳೆತಿರುತ್ತದೆ, ಮೊದಲಿಗಿಂತ ಸುಲಭವಾಗಿ ಮುರಿಯುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಉರುಳುವ ಮರಗಳ ಬುಡವನ್ನು ಹತ್ತಿರದಿಂದ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಹಲವು ಮರಗಳಲ್ಲಿ ರಸ್ತೆಯ ಕಡೆಯ ಬೇರುಗಳನ್ನು ಚರಂಡಿಗೋ ಕೇಬಲ್ಲಿಗೋ ಅಗೆಯುವಾಗ ಸಾಲಾಗಿ ಕತ್ತರಿಸಿರುತ್ತಾರೆ, ಪಾದಚಾರಿ ಮಾರ್ಗದ ಹಾಸುಗಲ್ಲು ಕಾಂಡಕ್ಕೆ ತಾಗಿಕೊಂಡೇ ಇರುತ್ತದೆ, ಮೇಲೆ ಮನೆಯ ಕಡೆಯ ಕೊಂಬೆಗಳನ್ನೋ ತಂತಿಯ ಕಡೆಯ ಕೊಂಬೆಗಳನ್ನೋ ಮಾತ್ರ ವರ್ಷ ವರ್ಷ ಸವರಿ ಭಾರವೆಲ್ಲ ಒಂದೇ ಪಕ್ಕಕ್ಕೆ ವಾಲಿರುತ್ತದೆ. ಮರದ ಬಹುಪಾಲು ಬೇರುಗಳು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಇದ್ದು ಕೊಂಬೆಗಳ ಹರಹಿಗಿಂತ ದೂರಕ್ಕೆ ಚಾಚಿರುತ್ತವೆ. ಆದ್ದರಿಂದ ಬುಡದ ಪಕ್ಕ ಎರಡಡಿ ಆಳದ ಕಾಲುವೆ ತೋಡುವುದು ಬೇರಿನ ತುದಿ ಸವರಿದಂತಲ್ಲ, ಮರದ ಕಾಲು ತೆಗೆದಂತೆಯೇ ಸರಿ.

ಗಾಳಿಯ ಭಯವಿದ್ದರೆ ಒಣಗಿದ, ಸೀಳಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಆರಿಸಿ ತೆಗೆಸಿ, ಎಲ್ಲ ದಿಕ್ಕಿಗೂ ತೂಕ ಸಮವಾಗುವಂತೆ ನೋಡಿಕೊಳ್ಳಿ. ಮರದ ಮೇಲೆಯೇ ಬೇರೂರಿ ಬೆಳೆಯುವ ಬದನಿಕೆ ಗಿಡ ಹಬ್ಬಿದ್ದರೆ ಅದು ಹಿಡಿದ ರೆಂಬೆಯನ್ನು ಅಂಟಿದ ಜಾಗದಿಂದ ಸ್ವಲ್ಪ ಹಿಂದಕ್ಕೆ ಸೇರಿಸಿ ತೆಗೆಯಬೇಕು. ಆ ಅಂಟುಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುವ ಪುಟ್ಟ ಹಕ್ಕಿಗೂ ಕನ್ನಡದಲ್ಲಿ ಬದನಿಕೆ ಎಂಬ ಹೆಸರೇ ಅಂಟಿಕೊಂಡಿದೆ.

ಕೊಂಬೆ ಸವರಲು ಯಾವ ತಿಂಗಳು ಸೂಕ್ತ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವವರ ಲೆಕ್ಕ ಬೇರೆ. ಮಳೆಗಾಲದ ಮಬ್ಬಿನಲ್ಲಿ ಗಿಡಕ್ಕೆ ಬೆಳಕು ಬೀಳಬೇಕೆಂದು ಅವರು ಮಳೆ ಹಿಡಿಯುವ ಹೊತ್ತಿಗೆ ನೆರಳು ಬಿಡಿಸುತ್ತಾರೆ. ಮನೆ, ರಸ್ತೆ, ಶಾಲೆಯ ಮರಗಳಿಗೆ ಸುರಿಮಳೆಯ ತಿಂಗಳುಗಳು ಒಳ್ಳೆಯವಲ್ಲ, ಹಸಿ ಗಾಯಕ್ಕೆ ಅಣಬೆ ಬೇಗ ತಗುಲುತ್ತದೆ. ಜನವರಿಯಿಂದ ಮೇವರೆಗೆ ಗಿಳಿ, ಕುಟ್ರುಹಕ್ಕಿ, ಕಾಗೆಗಳಂಥ ಅನೇಕ ಹಕ್ಕಿಗಳು ಒಂದಾದ ಮೇಲೊಂದರಂತೆ ಮರಿ ಮಾಡುತ್ತವೆ. ಎರಡನ್ನೂ ತೂಗಿ ನೋಡಿದರೆ ಬಯಲುಸೀಮೆಯಲ್ಲಿ ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ವಾಸಿ ಎಂದು ನನ್ನ ಅಭಿಪ್ರಾಯ. ಮುಂಗಾರಿಗೆ ಮೊದಲು ಎಂದು ನಮ್ಮಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಗಡಿಬಿಡಿಯ ಸವರುವಿಕೆ ಮರಕ್ಕೂ ಹಕ್ಕಿಗೂ ತಪ್ಪಾದ ಹೊತ್ತಿನಲ್ಲಿ ಬರುತ್ತದೆ.

ಗೂಡು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಕಾಗೆಯ ಗೂಡು ಎಲ್ಲರಿಗೂ ಕಾಣುತ್ತದೆ, ತೊಂದರೆ ಇರುವುದು ಕಾಣದ ಗೂಡುಗಳಲ್ಲಿ. ಕುಟ್ರುಹಕ್ಕಿ ಒಣಗಿದ, ಮೆತ್ತಗಾದ ಕೊಂಬೆಯನ್ನೇ ಆರಿಸಿಕೊಂಡು, ಸಾಮಾನ್ಯವಾಗಿ ಅದರ ಕೆಳಮೈಯಲ್ಲಿ ದುಂಡನೆಯ ತೂತು ಕೊರೆಯುತ್ತದೆ. ಮೇಲೆ ಹತ್ತಿದವನಿಗೆ ಅದು ಕಾಣುವುದೇ ಇಲ್ಲ, ನೆಲದಲ್ಲಿ ನಿಂತವನಿಗೆ ಮಾತ್ರ ಕಾಣುತ್ತದೆ. ತೂತಿನ ಅಂಚು ಹೊಸದಾಗಿ ಕೊರೆದಂತೆ ತಿಳಿ ಬಣ್ಣಕ್ಕಿದ್ದರೆ, ಕೆಳಗೆ ಮರದ ಪುಡಿ ಉದುರಿದ್ದರೆ ಒಳಗೆ ಸಂಸಾರ ನಡೆಯುತ್ತಿದೆ ಎಂದು ತಿಳಿಯಬೇಕು. ಒಣಕೊಂಬೆ ತೆಗೆಯುವುದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳುವವರು ಮರೆಯುವುದು ಇದನ್ನೇ.

ಬೆಳಗಿನ ಹೊತ್ತು ಅರ್ಧ ಗಂಟೆ ಮರದ ಕೆಳಗೆ ಕುಳಿತರೆ ಸಾಕು. ಒಂದೇ ಜಾಗಕ್ಕೆ ಬಾಯಲ್ಲಿ ಹುಳುವನ್ನೋ ಹಣ್ಣನ್ನೋ ಕಚ್ಚಿಕೊಂಡು ಹಕ್ಕಿ ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಮರಿಗಳಿವೆ. ಪೊಟರೆಯ ಬಾಯಿ ನುಣುಪಾಗಿ ಎಣ್ಣೆ ಸವರಿದಂತಿದ್ದರೆ ಒಳಗೆ ಬಾವಲಿಯೋ ಅಳಿಲೋ ಓಡಾಡಿಕೊಂಡಿರಬಹುದು. ಹೆಜ್ಜೇನು ಕಟ್ಟಿದ್ದರೆ ಬೆಂಕಿ, ಹೊಗೆ ಹಾಕುವ ಸಾಹಸ ಬೇಡ. ಅವು ಋತುವಿಗೆ ತಕ್ಕಂತೆ ವಲಸೆ ಹೋಗುವ ಹುಳುಗಳು, ಎದ್ದು ಹೋಗುವವರೆಗೆ ಕಾಯಬಹುದು.

ಗೂಡು ಕೆಡಿಸಿದರೆ ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬ ಪದದ ವ್ಯಾಖ್ಯೆ ಓದಿದವರು ಬೆರಗಾಗುತ್ತಾರೆ. ಕಾಡುಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದು ಕೂಡ ಅಲ್ಲಿ ಬೇಟೆಯೇ. ಕೋವಿ ಹಿಡಿಯದೆ, ಬರಿಯ ಗರಗಸ ಹಿಡಿದವನೂ ಬೇಟೆಗಾರನಾಗಬಹುದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅನುಸೂಚಿಗಳು 6ರಿಂದ 4ಕ್ಕೆ ಇಳಿದವು. ರಕ್ಷಿತ ಪ್ರಾಣಿಗಳು ಈಗ ಮೊದಲೆರಡು ಅನುಸೂಚಿಗಳಲ್ಲಿವೆ. ಕಾಗೆ, ಹಣ್ಣುಬಾವಲಿ, ಇಲಿಗಳನ್ನು ಪೀಡಕಗಳೆಂದು ಪಟ್ಟಿ ಮಾಡಿದ್ದ ಹಳೆಯ 5ನೇ ಅನುಸೂಚಿ ಈಗಿಲ್ಲ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು; 1ನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ.

ಆ 1ನೇ ಅನುಸೂಚಿಯಲ್ಲಿರುವ ಕಾಡುಪಾಪವನ್ನು ತುಮಕೂರು ಕಡೆಯ ಹೊಲ, ತೋಪುಗಳ ಸುತ್ತಮುತ್ತ ಈಗಲೂ ನೋಡಬಹುದು. ಅದು ನೆಗೆಯುವ ಪ್ರಾಣಿಯಲ್ಲ, ರೆಂಬೆಯಿಂದ ರೆಂಬೆಗೆ ಕೈಯಿಟ್ಟು ನಿಧಾನವಾಗಿ ಸಾಗುವಂಥದ್ದು. ಬೇಲಿಸಾಲಿನ ನಡುವಿನ ನಾಲ್ಕು ಮರ ತೆಗೆದರೆ ಅದರ ದಾರಿಯೇ ಕಡಿದುಹೋಗುತ್ತದೆ.

ಕೊಂಬೆಯ ಜೊತೆ ಮರಿಗಳು ಬಿದ್ದುಬಿಟ್ಟವು. ಈಗೇನು ಮಾಡಬೇಕು?

ಕೆಲಸ ನಿಲ್ಲಿಸಿ. ಗೂಡು ಸರಿಯಿದ್ದರೆ ಹತ್ತಿರದ ಕೊಂಬೆಗೆ ಕಟ್ಟಿ ಮರಿಗಳನ್ನು ಅದರಲ್ಲಿಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ನಿಜವಲ್ಲ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇರಿಸಿ ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಬಿಡಬೇಡಿ. ಗಿಳಿಮರಿಯನ್ನು ಮನೆಯಲ್ಲಿ ಸಾಕಿಕೊಳ್ಳುತ್ತೇನೆ ಎಂಬ ಕರುಣೆಯೂ ಕಾನೂನಿನ ಕಣ್ಣಿನಲ್ಲಿ ಅಪರಾಧವೇ.

ಹಕ್ಕಿಗಳು ನನ್ನ ಮರದ ಫಸಲನ್ನೇ ಹಾಳು ಮಾಡುತ್ತವೆ. ನಷ್ಟವನ್ನು ನಾನೊಬ್ಬನೇ ಹೊರಬೇಕೇ?

ಈ ಪ್ರಶ್ನೆ ನ್ಯಾಯವಾದದ್ದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಖಾಸಗಿ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆಯಿಂದ ಹುಣಸೆ ಫಸಲು ಕೈಗೆ ಬಾರದೆ ಹೋಗುವುದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಅಲ್ಲಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಪ್ರತಿ ಊರಿನಲ್ಲಿ ಇಂಥ ಏರ್ಪಾಡು ಇಲ್ಲ ಎಂಬುದು ನಿಜವಾದ ಕೊರತೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಪಕ್ಕದ ಮನೆಯ ಮರದ ಕೊಂಬೆ ನಮ್ಮ ಅಂಗಳಕ್ಕೆ ಚಾಚಿದೆ. ಕತ್ತರಿಸಬಹುದೇ?

ನಿಮ್ಮ ಗಡಿಯೊಳಗೆ ಬಂದ ಭಾಗವನ್ನು ತೆಗೆಸಿಕೊಳ್ಳುವ ಹಕ್ಕು ಸಿವಿಲ್ ಕಾನೂನಿನಲ್ಲಿ ನಿಮಗಿದೆ, ಆದರೆ ಅವರ ಜಾಗಕ್ಕೆ ಕಾಲಿಡುವ ಹಕ್ಕಾಗಲಿ ಮರ ಸಾಯುವಂತೆ ಕತ್ತರಿಸುವ ಹಕ್ಕಾಗಲಿ ಇಲ್ಲ. 1976ರ ಕಾಯ್ದೆಯ ಅನುಮತಿಯೂ ತಪ್ಪುವುದಿಲ್ಲ. ಮೊದಲು ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಇಬ್ಬರೂ ಸೇರಿ ಅರ್ಜಿ ಕೊಡುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ.

ವಿದ್ಯುತ್ ತಂತಿಗೆ ತಾಗುವ ಕೊಂಬೆ?

ನೀವು ಮುಟ್ಟಬೇಡಿ, ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಸರಬರಾಜು ಕಂಪನಿಗೆ ದೂರು ಕೊಟ್ಟು ಲೈನ್ ಆಫ್ ಮಾಡಿಸಿಯೇ ಕೆಲಸ ಆಗಬೇಕು. ತಂತಿ ಎಳೆಯುವ ಮೊದಲೇ ಅಲ್ಲಿದ್ದ ಮರವನ್ನು ತಂತಿಗಾಗಿ ತೆಗೆದರೆ ಮರದ ಒಡೆಯರಿಗೆ ಪರಿಹಾರ ಕೊಡಿಸಲು 2003ರ ವಿದ್ಯುತ್ ಕಾಯ್ದೆಯಲ್ಲಿ ಅವಕಾಶವಿದೆ.

ಶ್ರೀಗಂಧ, ತೇಗ, ಬೀಟೆ ಮರಗಳಿಗೆ ಬೇರೆ ನಿಯಮವೇ?

ಹೌದು, 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು ಅದರಡಿಯ ನಿಯಮಗಳು ಇಲ್ಲಿ ಬರುತ್ತವೆ. ಸ್ವಂತ ಜಮೀನಿನ ಶ್ರೀಗಂಧದ ಮೇಲೆ ಒಡೆಯನಿಗೆ ಹಕ್ಕು ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ಹಾಗಿದ್ದೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ ಬೇಕು. ಜಮೀನಿನ ಪಹಣಿಯಲ್ಲಿ ಮರಗಳನ್ನು ನಮೂದಿಸಿಟ್ಟರೆ ಮುಂದೆ ಅನುಮತಿ ಕೇಳುವಾಗ ಸುಲಭ.

ಮರಕ್ಕೆ ಮೊಳೆ ಹೊಡೆದು ಫಲಕ ಹಾಕುವವರ ಮೇಲೆ ಕ್ರಮ ಸಾಧ್ಯವೇ?

ಸಾಧ್ಯ. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕರ್ನಾಟಕ ಕಾಯ್ದೆಯ ವ್ಯಾಪ್ತಿಗೆ ಸಾರ್ವಜನಿಕರ ಕಣ್ಣಿಗೆ ಬೀಳುವ ಮರವೂ ಸೇರುತ್ತದೆ. ಫಲಕದ ಮೇಲೆ ಹೆಸರು, ಫೋನ್ ನಂಬರು ಅವರೇ ಬರೆದಿರುತ್ತಾರೆ, ಫೋಟೋ ಒಂದೇ ಸಾಕ್ಷಿಗೆ ಸಾಕು. ಬುಡಕ್ಕೆ ತೂತು ಕೊರೆದು ಆಸಿಡ್ ಸುರಿದ ಅನುಮಾನವಿದ್ದರೆ ತೂತಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಎಲೆ ಒಣಗಲು ಶುರುವಾದ ದಿನವನ್ನು ಬರೆದಿಟ್ಟುಕೊಂಡು ವೃಕ್ಷ ಅಧಿಕಾರಿಗೆ ಲಿಖಿತ ದೂರು ಕೊಡಿ.

ಸಸಿಗೆ ಹಾಕಿದ್ದ ಕಬ್ಬಿಣದ ಬೇಲಿ ಈಗ ಕಾಂಡದೊಳಗೆ ಹುದುಗಿಹೋಗಿದೆ. ಎಳೆದು ತೆಗೆಯಬಹುದೇ?

ಎಳೆಯಬೇಡಿ. ಮರ ಕಬ್ಬಿಣದ ಸುತ್ತ ತುಟಿ ಮಡಿಸಿದಂತೆ ಬೆಳೆದು ಅದನ್ನು ನುಂಗಿರುತ್ತದೆ. ಕಿತ್ತರೆ ಸರಳಿನ ಜೊತೆ ಜೀವಂತ ತೊಗಟೆಯೂ ಕಿತ್ತು ಬರುತ್ತದೆ. ಹೊರಗೆ ಕಾಣುವ ಸರಳುಗಳನ್ನೂ ಬಳೆಗಳನ್ನೂ ತೊಗಟೆಗೆ ತಾಗದಂತೆ ಕತ್ತರಿಸಿ, ಒಳಗೆ ಸೇರಿದ ತುಂಡುಗಳನ್ನು ಅಲ್ಲೇ ಬಿಡಿ. ಕಾಂಡವನ್ನು ಸುತ್ತಿರುವ ಬಳೆ ಇನ್ನೂ ಪೂರ್ತಿ ಹುದುಗಿಲ್ಲದಿದ್ದರೆ ಎರಡು ಮೂರು ಕಡೆ ತುಂಡರಿಸಿದರೂ ಸಾಕು, ಕತ್ತು ಹಿಸುಕುವುದು ನಿಲ್ಲುತ್ತದೆ. ಹೊಸ ಸಸಿಗೆ ಬೇಲಿ ಹಾಕಿದವರು ಅದನ್ನು ಯಾವ ವರ್ಷ ತೆಗೆಯಬೇಕೆಂದು ಆ ಬೇಲಿಯ ಮೇಲೆಯೇ ಬಣ್ಣದಲ್ಲಿ ಬರೆದಿಡುವುದು ಒಳ್ಳೆಯದು.